‘ಬರೀ ಹವ್ಯಾಸ’ ಎಂಬ ನೆಪ

ನಮ್ಮ ಮನೆಗಳಲ್ಲಿ ಇಂದು ಎರಡು ಹವ್ಯಾಸಗಳು ಗಟ್ಟಿಯಾಗಿ ಬೇರುಬಿಟ್ಟಿವೆ. ಒಂದು ಹಳೆಯದು, ಸಂಗೀತ. ಹಿಂದೆ ರೇಡಿಯೋದಲ್ಲಿ ನಿಗದಿತ ಹೊತ್ತಿಗೆ ಬಂದು ಹೋಗುತ್ತಿದ್ದ ಹಾಡು ಈಗ ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ಯಂತ್ರದಲ್ಲಿ ದಿನವಿಡೀ ಹರಿಯುತ್ತಿರುತ್ತದೆ. ಇನ್ನೊಂದು ತೀರಾ ಹೊಸತು. ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ನಾಲ್ಕು ಸಾಲು ಬರೆದುಕೊಟ್ಟು, ಬೇಕಾದ ಚಿತ್ರವನ್ನು ಕ್ಷಣಾರ್ಧದಲ್ಲಿ ಮಾಡಿಸಿಕೊಳ್ಳುವ ಆಟ. ಹದಿಹರೆಯದ ಮಕ್ಕಳಿಂದ ಹಿಡಿದು ನಿವೃತ್ತರಾದ ಹಿರಿಯರವರೆಗೆ ಇವೆರಡರಲ್ಲಿ ಒಂದಾದರೂ ಅಂಟಿಕೊಳ್ಳದವರು ವಿರಳ.

ಈ ಕುರಿತು ಯಾರಾದರೂ ಪ್ರಶ್ನಿಸಿದರೆ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಹವ್ಯಾಸ ಇಟ್ಟುಕೊಂಡವರು, ಇದು ಬರೀ ಹವ್ಯಾಸ, ಇದಕ್ಕೂ ಧರ್ಮಕ್ಕೂ ಏನು ಸಂಬಂಧ ಎನ್ನುತ್ತಾರೆ. ಅದನ್ನು ವಿರೋಧಿಸುವವರು ಹರಾಮ್ ಎಂಬ ಒಂದು ಪದವನ್ನು ಉಚ್ಚರಿಸಿ ಎದ್ದು ಹೋಗುತ್ತಾರೆ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಉತ್ತರಗಳು. ಆದರೆ ಎರಡೂ ಮಾಡುವ ಕೆಲಸ ಒಂದೇ. ಮಾತನ್ನು ಅಲ್ಲಿಗೇ ಮುಗಿಸಿಬಿಡುವುದು. ಒಬ್ಬರು ಆಲೋಚಿಸಲು ಬಯಸುವುದಿಲ್ಲ, ಇನ್ನೊಬ್ಬರು ವಿವರಿಸಲು ಬಯಸುವುದಿಲ್ಲ. ಇವೆರಡರ ನಡುವೆ ನಮ್ಮ ಮಕ್ಕಳು ಮೊಬೈಲ್ ಹಿಡಿದು ಒಂಟಿಯಾಗಿ ಕುಳಿತಿದ್ದಾರೆ.

ಪವಿತ್ರ ಕುರ್‌ಆನಿನ 17ನೇ ಅಧ್ಯಾಯವಾದ ‘ಬನೀ ಇಸ್ರಾಈಲ್’ನ 36ನೇ ವಚನವು ಮನುಷ್ಯನಿಗೆ ಒಂದು ಎಚ್ಚರಿಕೆ ನೀಡುತ್ತದೆ. ತನಗೆ ಅರಿವಿಲ್ಲದ್ದರ ಬೆನ್ನು ಹತ್ತಬಾರದೆಂದು ಹೇಳಿದ ಬಳಿಕ ಅದು ಕಿವಿ, ಕಣ್ಣು ಮತ್ತು ಹೃದಯ ಇವು ಮೂರನ್ನೂ ವಿಚಾರಣೆಗೆ ಒಳಪಡಿಸಲಾಗುವುದು ಎಂದು ತಿಳಿಸುತ್ತದೆ. ಅಲ್ಲಿ ಕೆಲಸದ ಹೊತ್ತಿನ ಕಿವಿ, ಬಿಡುವಿನ ಹೊತ್ತಿನ ಕಿವಿ ಎಂಬ ವಿಂಗಡಣೆಯಿಲ್ಲ. ಪರೀಕ್ಷೆಗಾಗಿ ಓದಿದ ಕಣ್ಣಿಗೆ ಒಂದು ಲೆಕ್ಕ, ಮೋಜಿಗಾಗಿ ನೋಡಿದ ಕಣ್ಣಿಗೆ ಇನ್ನೊಂದು ಲೆಕ್ಕ ಎಂದಿಲ್ಲ. ಹವ್ಯಾಸ ಎಂಬ ಪದವು ಪರಲೋಕದ ವಿಚಾರಣೆಯಿಂದ ವಿನಾಯಿತಿ ಒದಗಿಸುವ ಪತ್ರವಲ್ಲ. ಈ ಲೇಖನವು ಹೇಳಬಯಸುವ ಮಾತು ಇಷ್ಟೇ.

ವಿನೋದಕ್ಕೆ ಇಸ್ಲಾಮ್ ವಿರೋಧಿಯಲ್ಲ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಮುಖ ಸಿಂಡರಿಸಿಕೊಂಡಿರುವುದೇ ಧರ್ಮನಿಷ್ಠೆ ಎಂದು ಭಾವಿಸಿದವರು ಪ್ರವಾದಿವರ್ಯರ(ಸ) ಜೀವನ ಚರಿತ್ರೆಯನ್ನು ಸರಿಯಾಗಿ ಓದಿಲ್ಲ. ಹಬ್ಬದ ದಿನ ಅಬಿಸೀನಿಯದವರು ಮದೀನಾದ ಮಸೀದಿಯಲ್ಲಿ ಈಟಿಗಳೊಂದಿಗೆ ಆಟ ಪ್ರದರ್ಶಿಸಿದಾಗ ಪ್ರವಾದಿವರ್ಯರು(ಸ) ಅದನ್ನು ಪತ್ನಿ ಆಯಿಶಾರಿಗೆ(ರ) ತೋರಿಸಿದ್ದರು. ಅವರಿಗೆ ಸಾಕೆನಿಸುವವರೆಗೂ ತಾವೂ ಜೊತೆಗೆ ನಿಂತಿದ್ದರು. ಪತ್ನಿಯೊಂದಿಗೆ ಓಟದ ಸ್ಪರ್ಧೆ ಮಾಡಿದ್ದರು. ಈದ್ ದಿನ ಇಬ್ಬರು ಬಾಲಕಿಯರು ದಫ್ ಬಡಿದು ಹಾಡುತ್ತಿದ್ದುದನ್ನು ಅಬೂಬಕ್ಕರ್(ರ) ಆಕ್ಷೇಪಿಸಿದಾಗ, ಅವರನ್ನು ಬಿಟ್ಟುಬಿಡುವಂತೆಯೂ ಇದು ಹಬ್ಬದ ದಿನವೆಂದೂ ಪ್ರವಾದಿವರ್ಯರು(ಸ) ಹೇಳಿದ್ದರು. ತಾನು ಪ್ರವಾದಿಯ ಸನ್ನಿಧಿಯಲ್ಲಿರುವಾಗ ಒಂದು ಬಗೆ, ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗಿರುವಾಗ ಇನ್ನೊಂದು ಬಗೆಯಾಗುತ್ತೇನೆ, ನಾನು ಕಪಟಿಯಾದೆನೇ ಎಂದು ಕಳವಳಗೊಂಡು ಬಂದ ಹನ್‌ಝಲಾರಿಗೆ(ರ), ಪ್ರತಿಯೊಂದಕ್ಕೂ ಅದರದೇ ಹೊತ್ತಿದೆ ಎಂಬ ಸಾಂತ್ವನ ದೊರೆತಿತ್ತು.

ಆದ್ದರಿಂದ ಸಂತೋಷ ಪಡುವುದು ತಪ್ಪಲ್ಲ. ಆದರೆ ಈ ಪ್ರಸಂಗಗಳಲ್ಲೆಲ್ಲಾ ಒಂದು ಸಮಾನ ಅಂಶವಿದೆ. ಅವುಗಳಿಗೆ ಆರಂಭವೂ ಇತ್ತು, ಅಂತ್ಯವೂ ಇತ್ತು. ಹಬ್ಬ ಮುಗಿಯಿತು, ದಫ್ ನಿಂತಿತು. ಓಟ ಮುಗಿಯಿತು, ಯಾತ್ರೆ ಮುಂದುವರಿಯಿತು. ವಿನೋದವು ಬದುಕಿನ ಸೇವೆ ಮಾಡಿತು, ಬದುಕು ವಿನೋದದ ಸೇವೆ ಮಾಡಲಿಲ್ಲ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಬಹುತೇಕ ಮಂದಿ ನಷ್ಟದಲ್ಲಿದ್ದಾರೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬಿಡುವು ಎಂಬುದು ಅನುಗ್ರಹ ಎಂದಾದರೆ ಅದನ್ನು ಯಾವುದರಿಂದ ತುಂಬಿಸುತ್ತೇವೆ ಎಂಬುದು ಕ್ಷುಲ್ಲಕ ಪ್ರಶ್ನೆಯಾಗುವುದು ಹೇಗೆ?

ಅನುಮತಿಯನ್ನು ಹಿಡಿದು ನಿಬಂಧನೆಯನ್ನು ಬಿಟ್ಟವರು

ಸಂಗೀತದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ ಎಂಬುದು ನಿಜ. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ನಾಲ್ಕು ಮದ್‌ಹಬ್‌ಗಳ ಬಹುತೇಕ ವಿದ್ವಾಂಸರು ತಂತಿವಾದ್ಯ ಮತ್ತು ಊದುವ ವಾದ್ಯಗಳನ್ನು ನಿಷಿದ್ಧವೆಂದು ಪರಿಗಣಿಸಿದ್ದಾರೆ. ನಮ್ಮ ಕರಾವಳಿಯ ಶಾಫಿಈಗಳಿಗೂ ಒಳನಾಡಿನ ಹನಫೀಗಳಿಗೂ ತಲೆಮಾರುಗಳಿಂದ ಬಂದಿರುವುದು ಇದೇ ತೀರ್ಪು. 31ನೇ ಅಧ್ಯಾಯ ‘ಲುಕ್ಮಾನ್’ನ 6ನೇ ವಚನದಲ್ಲಿ ಬರುವ, ದೇವಮಾರ್ಗದಿಂದ ತಪ್ಪಿಸುವ ವಿನೋದದ ಮಾತು ಎಂಬುದನ್ನು ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಹಾಡು ಎಂದು ವ್ಯಾಖ್ಯಾನಿಸಿದ್ದರು. ಇನ್ನೊಂದೆಡೆ, ವಾದ್ಯಗಳ ನಿಷೇಧದ ಕುರಿತಾದ ವರದಿಗಳ ಪರಂಪರೆಯನ್ನು ಪ್ರಶ್ನಿಸಿದ ಸ್ಪೇನಿನ ಇಬ್ನು ಹಝ್ಮ್ ಅವರಂತಹವರೂ ಇದ್ದರು. ಆಧುನಿಕರಲ್ಲಿ ಯೂಸುಫ್ ಅಲ್ ಕರ್ಝಾವಿಯವರು ಷರತ್ತುಬದ್ಧ ಅನುಮತಿಯ ಪರವಾಗಿ ಬರೆದಿದ್ದಾರೆ.

ಮಿತವಾಗಿ ಸಂಗೀತ ಕೇಳಬಹುದು ಎಂಬ ಅಭಿಪ್ರಾಯವನ್ನು ಪ್ರಾಮಾಣಿಕವಾಗಿ ಅನುಸರಿಸುವವರನ್ನು ದಾರಿಗೆಟ್ಟವರೆಂದು ಕರೆಯುವ ಅಧಿಕಾರ ನಮಗಾರಿಗೂ ಇಲ್ಲ. ಆದರೆ ಆ ಅಭಿಪ್ರಾಯದ ಹೆಸರು ಹೇಳುವವರಲ್ಲಿ ಎಷ್ಟು ಮಂದಿ ಅದನ್ನು ನಿಜವಾಗಿ ಅನುಸರಿಸುತ್ತಿದ್ದಾರೆ? ಸಂಗೀತದ ಪರವಾಗಿ ಮಾತನಾಡುವವರೆಲ್ಲಾ ಇಮಾಮ್ ಗಝಾಲಿಯವರ(ರ) ಹೆಸರನ್ನು ಉಲ್ಲೇಖಿಸುತ್ತಾರೆ. ಗಝಾಲಿಯವರು ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಆಲಿಸುವಿಕೆಯ ಬಗ್ಗೆ ಒಂದು ಪ್ರತ್ಯೇಕ ಭಾಗವನ್ನೇ ಬರೆದಿರುವುದು ಹೌದು. ಆದರೆ ಅದೇ ಭಾಗದಲ್ಲಿ, ಅನುಮತವಾದುದು ಯಾವಾಗ ನಿಷಿದ್ಧವಾಗುತ್ತದೆ ಎಂಬುದನ್ನೂ ಅವರು ಒಂದೊಂದಾಗಿ ವಿವರಿಸಿದ್ದಾರೆ. ಹಾಡುವವರು ಯಾರು, ವಾದ್ಯ ಯಾವುದು, ಹಾಡಿನ ಮಾತು ಎಂಥದು, ಕೇಳುವವನ ಮನಃಸ್ಥಿತಿ ಯಾವುದು, ಕೊನೆಗೆ ಕೇಳುವುದೇ ಅವನ ನಿತ್ಯದ ಚಟವಾಗಿದೆಯೇ ಎಂಬುದನ್ನೆಲ್ಲ ಅವರು ಪ್ರಶ್ನಿಸುತ್ತಾರೆ. ಕೆನ್ನೆಯ ಮೇಲೊಂದು ಮಚ್ಚೆ ಇದ್ದರೆ ಅಂದ, ಮುಖವೆಲ್ಲಾ ಮಚ್ಚೆಯಾದರೆ ವಿಕಾರ ಎಂಬುದು ಅವರು ನೀಡುವ ಹೋಲಿಕೆಯ ಸಾರ. ಮಿತಿಯಲ್ಲಿ ಒಪ್ಪುವ ವಿನೋದ ಅತಿಯಾದಾಗ ಅದೇ ರೀತಿ ಕೆಡುತ್ತದೆ.

ಈಗ ನಮ್ಮ ಮೊಬೈಲ್‌ಗಳನ್ನು ಈ ನಿಬಂಧನೆಗಳ ಮುಂದಿಟ್ಟು ನೋಡೋಣ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿರುತ್ತದೆ. ಮುಂದಿನದನ್ನು ಆರಿಸುವುದು ನಾವಲ್ಲ. ನಾವು ಎಲ್ಲಿ ನಿಂತೆವು, ಯಾವುದನ್ನು ಮತ್ತೆ ಕೇಳಿದೆವು ಎಂಬುದನ್ನೆಲ್ಲಾ ದಾಖಲಿಸಿಟ್ಟುಕೊಂಡ ಯಂತ್ರ ಆರಿಸುತ್ತದೆ. ಕೇಳುಗನನ್ನು ಎದ್ದು ಹೋಗದಂತೆ ಹಿಡಿದಿಡುವುದೇ ಅದರ ವ್ಯಾಪಾರ. ಮದ್ಯವನ್ನು ವೈಭವೀಕರಿಸುವ, ಹೆಣ್ಣನ್ನು ಸರಕಿನಂತೆ ವರ್ಣಿಸುವ ಸಾಲುಗಳು ರಾಗದ ಬೆನ್ನೇರಿ ಎಂಟು ವರ್ಷದ ಮಗುವಿನ ಬಾಯಿಗೂ ಬಂದು ಕುಳಿತಿವೆ. ಅನುಮತಿ ನೀಡಿದ ವಿದ್ವಾಂಸರು ಇದಕ್ಕೆ ಅನುಮತಿ ನೀಡಿರಲಿಲ್ಲ. ಅವರ ಹೆಸರನ್ನು ಹಿಡಿದುಕೊಂಡು ಅವರ ಷರತ್ತುಗಳನ್ನು ಬಿಟ್ಟವರು ಭಿನ್ನಾಭಿಪ್ರಾಯವನ್ನು ಅನುಸರಿಸುತ್ತಿಲ್ಲ, ಅದನ್ನು ನೆಪವಾಗಿಸುತ್ತಿದ್ದಾರೆ.

ಇತಿಹಾಸವನ್ನು ಮುಂದಿಡುವವರೂ ಇದ್ದಾರೆ. ವಿಜಯಪುರದ ಎರಡನೇ ಇಬ್ರಾಹೀಮ್ ಆದಿಲ್ ಶಾಹ್ ಸಂಗೀತದ ಬಗ್ಗೆ ‘ಕಿತಾಬೆ ನವರಸ್’ ರಚಿಸಿದ್ದು, ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಭೀಮಸೇನ ಜೋಶಿಯವರೆಗೆ ಆ ಪರಂಪರೆ ಹರಿದದ್ದು ಐತಿಹಾಸಿಕ ಸತ್ಯ. ಈ ನೆಲದ ಸಂಸ್ಕೃತಿಗೆ ಮುಸ್ಲಿಮರ ಕೊಡುಗೆಯೇ ಇಲ್ಲ ಎನ್ನುವವರ ಮುಂದೆ ಈ ಸತ್ಯವನ್ನು ಹೇಳಲೇಬೇಕು. ಆದರೆ ಮುಸ್ಲಿಮರು ಮಾಡಿದ್ದಾರೆ ಎಂಬುದು ಬೇರೆ, ಇಸ್ಲಾಮ್ ಹೇಳಿದೆ ಎಂಬುದು ಬೇರೆ. ಸುಲ್ತಾನರ ಅರಮನೆಯಲ್ಲಿ ನಡೆದದ್ದೆಲ್ಲಾ ಧರ್ಮಪ್ರಮಾಣವಾಗುವುದಾದರೆ ಆ ಅರಮನೆಗಳಲ್ಲಿ ಇನ್ನೂ ಏನೇನೋ ನಡೆದಿವೆ.

ಹಿರಿಯರ ಇಬ್ಬಗೆ ನೀತಿ

ಇಷ್ಟು ಹೇಳಿ ನಿಲ್ಲಿಸಿದರೆ ಯುವಕರಿಗೆ ಅನ್ಯಾಯವಾದೀತು. ಮಗಳು ಕೋಣೆಯಲ್ಲಿ ಹಾಡು ಕೇಳಿದರೆ ಗದರಿಸುವ ತಂದೆಯೇ ಮಗನ ಮದುವೆಯ ಮುನ್ನಾದಿನ ಊರಿಗೆಲ್ಲಾ ಕೇಳುವಂತೆ ಧ್ವನಿವರ್ಧಕ ಕಟ್ಟಿಸುತ್ತಾನೆ. ಪಕ್ಕದ ಮನೆಯ ಹಸುಗೂಸು ಬೆಚ್ಚಿಬಿದ್ದರೂ ನಡುರಾತ್ರಿಯವರೆಗೆ ಡಿಜೆ ಸದ್ದು ನಿಲ್ಲುವುದಿಲ್ಲ. ಚಿತ್ರ ಬಿಡಿಸುವ ಮಗುವಿನ ಕಾಗದವನ್ನು ಹರಿದು ಹಾಕಿದವರು, ಯಾರೋ ಯಂತ್ರದಲ್ಲಿ ಮಾಡಿಸಿದ ನಕಲಿ ಚಿತ್ರವನ್ನು ಪವಾಡವೆಂದು ನಂಬಿ ಮುಂಜಾನೆಯೇ ಹತ್ತು ಗುಂಪುಗಳಿಗೆ ಕಳಿಸಿರುತ್ತಾರೆ. ಮಕ್ಕಳು ಇದನ್ನೆಲ್ಲಾ ನೋಡುತ್ತಿದ್ದಾರೆ. ಹರಾಮ್ ಎಂಬುದು ಅಲ್ಲಾಹನ ಗಡಿಯೋ, ಅಪ್ಪನ ಸಿಟ್ಟೋ ಎಂಬ ಸಂಶಯ ಅವರಲ್ಲಿ ಹುಟ್ಟಿದರೆ ಆ ಸಂಶಯವನ್ನು ಬಿತ್ತಿದವರು ನಾವೇ.

ಕಾರಣ ತಿಳಿಸದ ನಿಷೇಧವು ಮಗುವನ್ನು ತಡೆಯುವುದಿಲ್ಲ. ಅದು ಮಗುವಿಗೆ ಬಾಗಿಲು ಮುಚ್ಚಿಕೊಳ್ಳಲು ಕಲಿಸುತ್ತದೆ, ಅಷ್ಟೇ.

ಕನ್ನಡಿಯೂ ಅಲ್ಲ, ಕುಂಚವೂ ಅಲ್ಲ

ಈಗ ಎರಡನೇ ಹವ್ಯಾಸಕ್ಕೆ ಬರೋಣ. ಜೀವಿಗಳ ಚಿತ್ರ ರಚಿಸುವವರ ಕುರಿತು ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಗಳಿವೆ. ಚಿತ್ರ ಬರೆದೇ ಜೀವನ ಸಾಗಿಸುತ್ತಿದ್ದ ಒಬ್ಬ ವ್ಯಕ್ತಿ ಇಬ್ನು ಅಬ್ಬಾಸ್(ರ) ಅವರ ಬಳಿಗೆ ಬಂದಾಗ ಅವರು ಆ ಎಚ್ಚರಿಕೆಯನ್ನು ತಿಳಿಸಿದರು. ಅವನ ಮುಖ ಕಳೆಗುಂದಿದ್ದನ್ನು ಕಂಡು, ಬರೆಯಲೇಬೇಕೆಂದಿದ್ದರೆ ಮರಗಳನ್ನು, ಜೀವವಿಲ್ಲದ ವಸ್ತುಗಳನ್ನು ಬರೆಯುವಂತೆ ಸೂಚಿಸಿದರು. ಅವರು ಬಾಗಿಲು ಮುಚ್ಚಿ ಸುಮ್ಮನಾಗಲಿಲ್ಲ, ಇನ್ನೊಂದು ಬಾಗಿಲನ್ನು ತೋರಿಸಿದರು. ನಮ್ಮ ಇಂದಿನ ಉಪದೇಶಕರಲ್ಲಿ ಕಾಣೆಯಾಗಿರುವುದು ಈ ವಿಧಾನ.

ಕ್ಯಾಮೆರಾ ಬಂದಾಗ ಇದೇ ಚರ್ಚೆ ಮತ್ತೆ ಎದ್ದಿತು. 20ನೇ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಛಾಯಾಚಿತ್ರವನ್ನು ಅನುಮತಿಸಿದರು. ಕ್ಯಾಮೆರಾ ಏನನ್ನೂ ಸೃಷ್ಟಿಸುವುದಿಲ್ಲ, ಅಲ್ಲಾಹನು ಸೃಷ್ಟಿಸಿದ್ದರ ನೆರಳನ್ನು ಹಿಡಿದಿಡುತ್ತದೆ ಎಂಬುದು ಅವರ ವಾದವಾಗಿತ್ತು. ಕನ್ನಡಿಯಲ್ಲಿ ಕಾಣುವ ಬಿಂಬದಂತೆ. ಇಂದು ಬಹುತೇಕ ಮುಸ್ಲಿಮರು, ಕೆಲವು ವಿದ್ವಾಂಸರು ಒಪ್ಪದಿದ್ದರೂ, ಈ ವಾದದ ನೆರಳಿನಲ್ಲಿಯೇ ಫೋಟೋ ತೆಗೆಸಿಕೊಳ್ಳುತ್ತಾರೆ.

ಯಂತ್ರದಿಂದ ಚಿತ್ರ ಮಾಡಿಸುವವರು ಇದೇ ಅನುಮತಿಯನ್ನು ಎರವಲು ಪಡೆಯಲು ಬಯಸುತ್ತಾರೆ. ಫೋಟೋ ಸರಿ ಎಂದಾದರೆ ಇದೂ ಸರಿ, ಎರಡೂ ಯಂತ್ರದ್ದೇ ಅಲ್ಲವೇ ಎನ್ನುತ್ತಾರೆ. ಇಲ್ಲಿಯೇ ತಪ್ಪುವುದು. ಈ ಯಂತ್ರಗಳು ಅಂತರ್ಜಾಲದಿಂದ ಬಾಚಿಕೊಂಡ ಕೋಟ್ಯಂತರ ಚಿತ್ರಗಳನ್ನೂ ಅವುಗಳ ವಿವರಣೆಗಳನ್ನೂ ಉಂಡು ಬೆಳೆದಿವೆ. ಹೀಗೆ ತರಬೇತಿಗೆ ಬಳಕೆಯಾದ ‘ಲಯಾನ್’ ಎಂಬ ಒಂದೇ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳಿದ್ದವು. ಈ ಬಗೆಯ ಬಹುತೇಕ ಯಂತ್ರಗಳು ಅರ್ಥವಿಲ್ಲದ ಚುಕ್ಕಿಗಳ ರಾಶಿಯಿಂದ ಹೊರಟು, ನಾವು ಬರೆದ ಪದಗಳಿಗೆ ಹೊಂದುವಂತೆ ಹಂತಹಂತವಾಗಿ ಒಂದು ರೂಪವನ್ನು ಕಡೆದು ತೆಗೆಯುತ್ತವೆ. ಕ್ಯಾಮೆರಾದ ಎದುರು ಒಬ್ಬ ಮನುಷ್ಯ ನಿಂತಿದ್ದ. ಇಲ್ಲಿ ಯಾರೂ ನಿಂತಿರಲಿಲ್ಲ. ಅಲ್ಲಿ ನೆರಳಿಗೊಂದು ಮೂಲ ಇತ್ತು. ಇಲ್ಲಿ ಮೂಲವೇ ಇಲ್ಲ. ಕನ್ನಡಿಯ ವಾದವು ಕನ್ನಡಿಗೆ ಮಾತ್ರ ಸಲ್ಲುತ್ತದೆ.

ಹಾಗೆಂದು ಇದು ಕುಂಚ ಹಿಡಿದು ಬರೆದಂತೆಯೂ ಅಲ್ಲ, ವಿದ್ವಾಂಸರ ಚರ್ಚೆ ಇನ್ನೂ ನಡೆಯುತ್ತಿದೆ. ಆ ಚರ್ಚೆ ಮುಗಿಯುವವರೆಗೆ ಸಂಶಯವುಳ್ಳದ್ದನ್ನು ಬಿಟ್ಟು ಸಂಶಯವಿಲ್ಲದ್ದನ್ನು ಹಿಡಿಯುವುದು ಸತ್ಯವಿಶ್ವಾಸಿಯ ದಾರಿ. ಗಿಡಮರ, ಕಟ್ಟಡ, ವಿನ್ಯಾಸ, ಪಾಠಕ್ಕೆ ಬೇಕಾದ ನಕ್ಷೆ ಇವುಗಳಲ್ಲಿ ವಿಶಾಲವಾದ ಅವಕಾಶವಿದೆ. ನಿಜವೆಂದೇ ಭ್ರಮೆ ಹುಟ್ಟಿಸುವ ಮನುಷ್ಯರ ಮುಖಗಳನ್ನು ಮೋಜಿಗಾಗಿ ತಯಾರಿಸುವುದರಿಂದ ದೂರ ಉಳಿಯುವುದೇ ಕ್ಷೇಮ.

ಸುಳ್ಳಿನ ಹೊಸ ರೂಪ

ಚಿತ್ರರಚನೆಯ ಈ ಹಳೆಯ ಚರ್ಚೆಗಿಂತಲೂ ದೊಡ್ಡದಾದ ಒಂದು ವಿಷಯವನ್ನು ನಾವು ಮರೆತಿದ್ದೇವೆ. ಅದು ಸತ್ಯ.

2024ರ ಮೇ ತಿಂಗಳಲ್ಲಿ ಗಾಝಾದ ರಫಾದಲ್ಲಿ ನಿರಾಶ್ರಿತರ ಡೇರೆಗಳ ಮೇಲೆ ಇಸ್ರೇಲ್ ದಾಳಿ ನಡೆಸಿ ಹತ್ತಾರು ಮಂದಿ ಬೆಂದು ಹೋದಾಗ ಒಂದು ಚಿತ್ರ ಜಗತ್ತನ್ನೇ ಸುತ್ತಿತು. ಹಿಮದ ಬೆಟ್ಟಗಳ ನಡುವೆ ಸಾಲುಸಾಲು ಡೇರೆಗಳು, ನಡುವೆ ಬಿಳಿ ಡೇರೆಗಳಿಂದಲೇ ಜೋಡಿಸಿದ, ಎಲ್ಲರ ಕಣ್ಣು ರಫಾದ ಮೇಲೆ ಎಂಬ ಇಂಗ್ಲಿಷ್ ಅಕ್ಷರಗಳು. ಇನ್‌ಸ್ಟಾಗ್ರಾಮ್‌ನಲ್ಲಿ ಅದನ್ನು ನಾಲ್ಕು ಕೋಟಿಗೂ ಹೆಚ್ಚು ಮಂದಿ ಹಂಚಿಕೊಂಡರು. ನಮ್ಮ ರಾಜ್ಯದಲ್ಲಿಯೂ ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅದು ಯಂತ್ರ ಮಾಡಿದ ಚಿತ್ರ. ರಫಾದಲ್ಲಿ ಹಿಮದ ಬೆಟ್ಟಗಳಿಲ್ಲ. ಆ ಚಿತ್ರದಲ್ಲಿ ರಕ್ತವಿರಲಿಲ್ಲ, ಸುಟ್ಟ ಮಗುವಿರಲಿಲ್ಲ, ಒಬ್ಬನೇ ಒಬ್ಬ ಮನುಷ್ಯನ ಮುಖವಿರಲಿಲ್ಲ.

ಹಂಚಿಕೊಂಡವರ ಉದ್ದೇಶ ಶುದ್ಧವಾಗಿತ್ತು, ಅದನ್ನು ಪ್ರಶ್ನಿಸುತ್ತಿಲ್ಲ. ಅದು ಘೋಷಣೆಯ ಫಲಕವೇ ಹೊರತು ಪುರಾವೆಯಲ್ಲ ಎಂದು ಅರಿತೇ ಹಂಚಿಕೊಂಡವರೂ ಬಹಳ ಮಂದಿ. ಆದರೆ ಆ ಯುದ್ಧದ ನಿಜವಾದ ಚಿತ್ರಗಳನ್ನು ತೆಗೆಯುತ್ತಾ, ಸುದ್ದಿ ಬರೆಯುತ್ತಾ ನೂರಕ್ಕೂ ಹೆಚ್ಚು ಪತ್ರಕರ್ತರು ಪ್ರಾಣ ಕಳೆದುಕೊಂಡಿದ್ದಾರೆ. ಅವರು ಕೊಟ್ಟ ಸಾಕ್ಷ್ಯ ನಮ್ಮ ಕೈಯಲ್ಲಿರುವಾಗ ಯಂತ್ರದ ಅಂದದ ಚಿತ್ರವೇ ನಮಗೆ ಹೆಚ್ಚು ಹಿತವೆನಿಸಿದ್ದೇಕೆ? ಅದು ನಮ್ಮನ್ನು ಕಾಡುವುದಿಲ್ಲ ಎಂಬ ಕಾರಣಕ್ಕಲ್ಲವೇ?

ಇನ್ನೂ ಗಂಭೀರವಾದ ಅಪಾಯವಿದೆ. ಇದೇ ಯುದ್ಧದ ವೇಳೆ ಅವಶೇಷಗಳ ನಡುವೆ ಅಳುವ ಮಕ್ಕಳ ಕೃತಕ ಚಿತ್ರಗಳೂ ಹರಿದು ಬಂದವು. ಮರ್ದಿತನ ಪರವಾಗಿ ಒಂದು ನಕಲಿ ಚಿತ್ರ ಹರಿದಾಡಿದರೆ ಮರ್ದಕನ ಕೈಗೆ ಒಂದು ಆಯುಧ ದೊರೆಯುತ್ತದೆ. ಇದು ನಕಲಿ ಎಂದು ತೋರಿಸಿದವನು ನಾಳೆ ಅಸಲಿ ಚಿತ್ರವನ್ನೂ ನಕಲಿ ಎನ್ನುತ್ತಾನೆ, ಜಗತ್ತು ನಂಬುತ್ತದೆ. ನಾವು ಕನಿಕರದಿಂದ ಹರಡಿದ ಸುಳ್ಳು ಹುತಾತ್ಮರ ಸಾಕ್ಷ್ಯವನ್ನೇ ಅಳಿಸಿಹಾಕುತ್ತದೆ. ದುಷ್ಟನು ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕೆಂದು ‘ಅಲ್ ಹುಜುರಾತ್’ ಅಧ್ಯಾಯದ 6ನೇ ವಚನವು ಆದೇಶಿಸುತ್ತದೆ. ಕೇಳಿದ್ದನ್ನೆಲ್ಲಾ ಹೇಳಿಬಿಡುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬರ್ಥದ ಪ್ರವಾದಿ(ಸ) ವಚನವೂ ಇದೆ. ಕಂಡದ್ದನ್ನೆಲ್ಲಾ ಕಳಿಸಿಬಿಡುವವನ ಸ್ಥಿತಿ ಅದಕ್ಕಿಂತ ಭಿನ್ನವೇ?

ಮಾನದ ಪ್ರಶ್ನೆ

ಸುಳ್ಳು ಚಿತ್ರದ ಬೆಂಕಿ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಬಲ್ಲ ಸಮುದಾಯವೊಂದಿದ್ದರೆ ಅದು ನಮ್ಮದು. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿಯಲ್ಲಿ ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ಗಳಲ್ಲಿ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅವರಿಗರಿವಿಲ್ಲದೆ ಹಾಕಿ ಹರಾಜಿಗಿಟ್ಟಂತೆ ಅವಮಾನಿಸಲಾಯಿತು. ಬಂಧಿತರಾದವರಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿದ್ದರು. ಆಗ ಬಳಸಿದ್ದು ಬರೀ ಕದ್ದ ಫೋಟೋಗಳನ್ನು. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವೀಡಿಯೋಗೆ ಅಂಟಿಸಿ ಹರಡಲಾಯಿತು. ಇಂದು ಇಂಥದ್ದನ್ನು ಮಾಡಲು ಪರಿಣತಿಯೂ ಬೇಡ, ಒಂದು ಫೋಟೋ ಸಾಕು.

ಇದನ್ನೆಲ್ಲಾ ಕಂಡ ಮೇಲೂ ನಾವೇನು ಮಾಡಿದೆವು? 2025ರ ಮಾರ್ಚ್ ಕೊನೆಯಲ್ಲಿ ಚಾಟ್‌ಜಿಪಿಟಿಯ ಹೊಸ ಸೌಲಭ್ಯದಿಂದ ಜಪಾನಿನ ‘ಘಿಬ್ಲಿ’ ಶೈಲಿಯ ಚಿತ್ರಗಳ ಹುಚ್ಚು ಹಬ್ಬಿದಾಗ, ಪರ್ದಾದ ಬಗ್ಗೆ ಗಂಟೆಗಟ್ಟಲೆ ಉಪದೇಶ ಮಾಡುವವರೂ ಪತ್ನಿಯ, ಬೆಳೆದ ಮಗಳ ಫೋಟೋಗಳನ್ನು ತಾವೇ ಕೈಯಾರೆ ಒಂದು ವಿದೇಶಿ ಕಂಪೆನಿಯ ಕಂಪ್ಯೂಟರಿಗೆ ಒಪ್ಪಿಸಿದರು. ಆ ಶೈಲಿಯನ್ನು ರೂಪಿಸಲು ಹಯಾವೊ ಮಿಯಾಝಾಕಿ ಮತ್ತು ಸಂಗಡಿಗರು ದಶಕಗಳ ಕಾಲ ಕೈಯಿಂದ ಒಂದೊಂದೇ ಚಿತ್ರ ಬರೆದು ಬೆವರು ಹರಿಸಿದ್ದರು. ಅವರ ಅನುಮತಿ ಕೇಳಿದವರಾರು? ಅನ್ಯನ ದುಡಿಮೆಯ ಫಲವನ್ನು ಕೇಳದೆ ಉಣ್ಣುವುದು ಹವ್ಯಾಸ ಎಂಬ ಹೆಸರಿನಲ್ಲಿ ಧರ್ಮಸಮ್ಮತವಾಗುವುದಿಲ್ಲ. ಅಲ್ಲಾಹನು ತನ್ನ ಹಕ್ಕಿನಲ್ಲಾದ ಲೋಪವನ್ನು ಕ್ಷಮಿಸಬಹುದು. ದಾಸರ ಹಕ್ಕನ್ನು ದಾಸರೇ ಕ್ಷಮಿಸಬೇಕು ಎಂಬುದು ನಮ್ಮ ಮದ್ರಸದ ಮಕ್ಕಳೂ ಬಲ್ಲ ಪಾಠ.

ಆಯಿಶಾರ(ರ) ಮೇಲೆ ಹೊರಿಸಲಾದ ಅಪವಾದದ ಘಟನೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಚಿತ್ರವಿರಲಿಲ್ಲ, ಬರೀ ಮಾತಿತ್ತು. ಅಷ್ಟಕ್ಕೇ ಪ್ರವಾದಿಯ(ಸ) ಮನೆಯಲ್ಲಿ ಒಂದು ತಿಂಗಳ ಕಾಲ ದುಃಖ ಕವಿದಿತ್ತು. ‘ಅನ್ನೂರ್’ ಅಧ್ಯಾಯವು ಆ ಅಪವಾದ ಕಟ್ಟಿದವರನ್ನು ಮಾತ್ರ ಖಂಡಿಸಲಿಲ್ಲ. ಅದನ್ನು ಹಗುರವೆಂದು ಬಗೆದು ನಾಲಿಗೆಯಿಂದ ನಾಲಿಗೆಗೆ ದಾಟಿಸಿದವರನ್ನೂ ತರಾಟೆಗೆ ತೆಗೆದುಕೊಂಡಿತು. ಗೆಳೆಯನ ಮುಖವನ್ನು ತಮಾಷೆಗೆಂದು ಇನ್ನೊಂದು ದೇಹಕ್ಕೆ ಅಂಟಿಸುವ ಯುವಕನೂ, ಅದನ್ನು ನಕ್ಕು ಮುಂದಕ್ಕೆ ಕಳಿಸುವವನೂ ಆ ವಚನಗಳನ್ನು ಒಮ್ಮೆ ತೆರೆದು ಓದಲಿ. ತಮಾಷೆ ಎಂಬುದನ್ನು ಅಲ್ಲಿ ಸಮರ್ಥನೆಯಾಗಿ ಒಪ್ಪಲಾಗಿಲ್ಲ.

ಅಕ್ಷರವಲ್ಲದ ಅಕ್ಷರ

ಧಾರ್ಮಿಕ ಆಸಕ್ತಿಯಿಂದಲೇ ಈ ಹವ್ಯಾಸಕ್ಕಿಳಿದವರ ಬಗ್ಗೆಯೂ ಒಂದು ಮಾತು. ಪ್ರವಾದಿಗಳ ಕಾಲದ ದೃಶ್ಯ, ಸಹಾಬಿಗಳ ರೂಪ, ಸ್ವರ್ಗದ ನದಿ, ನರಕದ ಕಣಿವೆ ಇವನ್ನೆಲ್ಲಾ ಯಂತ್ರದಿಂದ ಮಾಡಿಸಿ ಮಕ್ಕಳಿಗೆ ತೋರಿಸುವವರಿದ್ದಾರೆ. ಸದುದ್ದೇಶ ಇರಬಹುದು. ಆದರೆ ಸ್ವರ್ಗವು ಕಣ್ಣು ಕಾಣದ, ಕಿವಿ ಕೇಳದ, ಮನಸ್ಸಿಗೆ ಹೊಳೆಯದ ಲೋಕ ಎಂದು ನಮಗೆ ತಿಳಿಸಲಾಗಿದೆ. ಅದಕ್ಕೊಂದು ರೂಪ ಕೊಟ್ಟು ಮಗುವಿನ ಮನಸ್ಸಿನಲ್ಲಿ ಅಚ್ಚೊತ್ತುವುದು ಅರಿವಿಲ್ಲದ್ದರ ಬೆನ್ನು ಹತ್ತುವುದಲ್ಲದೆ ಇನ್ನೇನು? ಪ್ರವಾದಿಯ(ಸ) ಹೆಸರಲ್ಲಿ ಒಂದು ಸುಳ್ಳು ವಾಕ್ಯ ನುಡಿಯುವುದು ಮಹಾಪಾತಕ. ಹಾಗಿರುವಾಗ ಅವರ ಬದುಕಿನ ಸುಳ್ಳು ದೃಶ್ಯವೊಂದನ್ನು ನಿಜವೆಂಬಂತೆ ಹರಡಲು ಧೈರ್ಯ ಹೇಗೆ ಬರುತ್ತದೆ? 2014ರಲ್ಲಿ ನೂಹ್(ಅ) ಅವರ ಕುರಿತಾದ ಹಾಲಿವುಡ್ ಚಲನಚಿತ್ರವನ್ನು ಕೈರೋದ ಅಲ್ ಅಝ್‌ಹರ್ ವಿರೋಧಿಸಿದ್ದು ಪ್ರವಾದಿಗಳನ್ನು ಹೀಗೆ ಚಿತ್ರಿಸಬಾರದು ಎಂಬ ಕಾರಣಕ್ಕಾಗಿಯೇ. ಅನ್ಯರು ಮಾಡಿದಾಗ ಪ್ರತಿಭಟಿಸಿದ್ದನ್ನು ಈಗ ನಾವೇ ಉಚಿತ ಆ್ಯಪ್‌ನಲ್ಲಿ ಮಾಡುತ್ತಿದ್ದೇವೆ.

ಇಂತಹ ಅನೇಕ ಚಿತ್ರಗಳಲ್ಲಿ ಮಸೀದಿಯ ಗೋಡೆಯ ಮೇಲೆ ಅರಬಿಯಂತೆ ಕಾಣುವ ಬರಹವಿರುತ್ತದೆ. ಹತ್ತಿರದಿಂದ ನೋಡಿ, ಅದು ಅರಬಿಯಲ್ಲ. ಅಕ್ಷರದ ಬಳುಕು ಇದೆ, ಅಕ್ಷರವಿಲ್ಲ. ಯಂತ್ರಕ್ಕೆ ವಚನದ ಅರ್ಥ ತಿಳಿಯದು, ಅದರ ಆಕಾರ ಮಾತ್ರ ಗೊತ್ತು. ಅರ್ಥವಿಲ್ಲದ ಆ ಗೆರೆಗಳನ್ನು ದೇವವಚನವೆಂದು ಭಾವಿಸಿ ಗೌರವಿಸುವವರನ್ನು ಕಂಡಾಗ ದುಃಖವಾಗುತ್ತದೆ.

ವಿಜಯಪುರದ ಇಬ್ರಾಹೀಮ್ ರೋಝಾಕ್ಕೆ ಒಮ್ಮೆ ಮಕ್ಕಳನ್ನು ಕರೆದೊಯ್ಯಿರಿ. ಸಂಗೀತದ ಗ್ರಂಥ ಬರೆದ ಅದೇ ಸುಲ್ತಾನನ ಗೋರಿ ಅದು. ಅದರ ಗೋಡೆಗಳಲ್ಲಿ, ಕಿಟಕಿಗಳ ಕಲ್ಲಿನ ಜಾಲಂಧ್ರಗಳಲ್ಲಿ ಕುಶಲಕರ್ಮಿಗಳು ಪವಿತ್ರ ವಚನಗಳನ್ನು ಕೆತ್ತಿದ್ದಾರೆ. ನಾಲ್ಕು ಶತಮಾನಗಳಾದರೂ ಬಲ್ಲವರು ಅಕ್ಷರಗಳನ್ನು ಗುರುತಿಸಬಹುದು. ಕೆತ್ತಿದವನಿಗೆ ಉಳಿಯೊಂದಿಗೆ ಅಕ್ಷರದ ಜ್ಞಾನವೂ ಬೇಕಿತ್ತು, ಒಂದು ಅಕ್ಷರ ತಪ್ಪಿದರೆ ಅರ್ಥ ಕೆಡುತ್ತದೆ ಎಂಬ ಭಯವೂ ಬೇಕಿತ್ತು. ನಮ್ಮ ಪರಂಪರೆಯಲ್ಲಿ ಕಲೆ ಎಂದರೆ ಆ ಭಯ ಮತ್ತು ಆ ಬೆವರು. ಒಂದು ಮಗು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಿಸ್ಮಿಲ್ಲಾಹ್ ಎಂದು ಸೊಟ್ಟಸೊಟ್ಟಾಗಿ ಬರೆದರೂ ಅದು ಯಂತ್ರ ಕೊಟ್ಟ ನೂರು ಮಿನುಗುವ ಚಿತ್ರಗಳಿಗಿಂತ ಅಮೂಲ್ಯ. ಏಕೆಂದರೆ ಆ ಮಗು ಏನನ್ನೋ ಕಲಿತಿದೆ.

ಹಾಗಾದರೆ ಮಾಡಬೇಕಾದದ್ದೇನು?

ಸಮುದಾಯ ಮೊದಲೇ ತಂತ್ರಜ್ಞಾನದಲ್ಲಿ ಹಿಂದಿದೆ, ನೀವು ಇನ್ನಷ್ಟು ಹಿಂದಕ್ಕೆಳೆಯುತ್ತೀರಿ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಕಾಳಜಿ ಇದೆ, ಆದರೆ ಗೊಂದಲವೂ ಇದೆ. ಕೃತಕ ಬುದ್ಧಿಮತ್ತೆಯನ್ನು ಕಲಿಯುವುದು ಬೇರೆ, ಅದಕ್ಕೆ ಆಹಾರವಾಗುವುದು ಬೇರೆ. ನಮ್ಮ ಮಕ್ಕಳು ಗಣಿತ ಕಲಿಯಲಿ, ಈ ಯಂತ್ರಗಳನ್ನು ಕಟ್ಟುವವರಾಗಲಿ, ನಕಲಿ ಚಿತ್ರವನ್ನು ಪತ್ತೆ ಹಚ್ಚುವ ವಿದ್ಯೆಯಲ್ಲಿ ಪಾರಂಗತರಾಗಲಿ. ಅದು ಸಮುದಾಯದ ಮೇಲಿರುವ ಹೊಣೆ. ರಾತ್ರಿ ಒಂದರವರೆಗೆ ಎಚ್ಚರವಿದ್ದು ತನ್ನ ಮುಖವನ್ನು ಹತ್ತು ಬಗೆಯಲ್ಲಿ ಮಾಡಿಸಿಕೊಂಡು ಫಜ್ರ್ ನಮಾಝ್ ಕಳೆದುಕೊಂಡವನು ತಂತ್ರಜ್ಞಾನದಲ್ಲಿ ಮುಂದೆ ಹೋಗಿಲ್ಲ.

ಮನೆಮನೆಯಲ್ಲೂ ಕೆಲವು ಮಾತುಗಳನ್ನು ಎಲ್ಲರೂ ಕುಳಿತು ಒಪ್ಪಿಕೊಳ್ಳಬಹುದು. ತನ್ನ ಮದ್‌ಹಬ್‌ನ ತೀರ್ಪನ್ನು ಅರಿತು ನಡೆಯುವುದು. ಬೇರೆ ಅಭಿಪ್ರಾಯವನ್ನು ಹಿಡಿದವನು ಅದರ ಷರತ್ತುಗಳನ್ನೂ ಹಿಡಿಯುವುದು. ಹಾಡಿನ ರಾಗಕ್ಕೆ ಮೊದಲು ಅದರ ಮಾತನ್ನು ಕೇಳುವುದು. ನಮಾಝ್, ಓದು ಮತ್ತು ನಿದ್ದೆಯ ಹೊತ್ತನ್ನು ಯಾವ ಹವ್ಯಾಸಕ್ಕೂ ಬಿಟ್ಟುಕೊಡದಿರುವುದು. ಯಾರ ಮುಖವನ್ನೂ ಅವರ ಒಪ್ಪಿಗೆಯಿಲ್ಲದೆ ಯಂತ್ರಕ್ಕೆ ಕೊಡದಿರುವುದು, ಮನೆಯ ಹೆಣ್ಣುಮಕ್ಕಳ ಫೋಟೋಗಳನ್ನಂತೂ ಕೊಡಲೇ ಬಾರದು. ಯಂತ್ರ ಮಾಡಿದ ಚಿತ್ರವನ್ನು ಹಂಚುವುದಾದರೆ ಅದು ಯಂತ್ರದ್ದೆಂದು ಬರೆಯುವುದು. ಗೈಬ್‌ನ ಲೋಕವನ್ನು, ಪ್ರವಾದಿಗಳನ್ನು, ಸಹಾಬಿಗಳನ್ನು ಚಿತ್ರಿಸದಿರುವುದು. ಈ ನಿಯಮಗಳು ಮಕ್ಕಳಿಗೆ ಮಾತ್ರವಲ್ಲ, ತಂದೆಗೂ ತಾಯಿಗೂ ಅಜ್ಜನಿಗೂ ಸಮಾನವಾಗಿ ಅನ್ವಯವಾಗಬೇಕು.

ಕಿವಿಗೆ ಇಂಪು ಬೇಕೆನ್ನುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಬೂ ಮೂಸಲ್ ಅಶ್‌ಅರೀ(ರ) ಅವರ ಕುರ್‌ಆನ್ ಪಾರಾಯಣವನ್ನು ಆಲಿಸಿದ ಪ್ರವಾದಿವರ್ಯರು(ಸ), ದಾವೂದ್(ಅ) ಅವರ ಮನೆತನದ ಕೊಳಲಿನ ಇಂಪು ಅವರಿಗೆ ಲಭಿಸಿದೆ ಎಂದು ಮೆಚ್ಚಿಕೊಂಡಿದ್ದರು. ಸುಂದರ ಧ್ವನಿಯನ್ನು ಇಸ್ಲಾಮ್ ಅಡಗಿಸಲಿಲ್ಲ, ಅದಕ್ಕೊಂದು ದಿಕ್ಕು ತೋರಿಸಿತು. ಕಣ್ಣಿಗೂ ಹಾಗೆಯೇ. ಮಕ್ಕಳ ಕೈಯಲ್ಲಿರುವ ಪ್ರತಿಭೆಯನ್ನು ಒಂದು ಪದದಿಂದ ಹೊಸಕಿ ಹಾಕುವ ಬದಲು ಅದಕ್ಕೆ ದಿಕ್ಕು ತೋರಿಸುವ ಸಹನೆ ನಮ್ಮಲ್ಲಿ ಇರಬೇಕು. ಬರೀ ಹವ್ಯಾಸ ಎನ್ನುವ ಮಗನಿಗೂ ಬರೀ ಹರಾಮ್ ಎನ್ನುವ ತಂದೆಗೂ ನಾಳೆ ನಿಲ್ಲಬೇಕಾದ ಸನ್ನಿಧಿ ಒಂದೇ. ಅಲ್ಲಿ ಕಿವಿ, ಕಣ್ಣು, ಹೃದಯಗಳೇ ಮಾತನಾಡುವಾಗ ಈ ಎರಡು ಪದಗಳೂ ನೆರವಿಗೆ ಬರಲಾರವು.

ಅಲ್ಲಾಹನು ನಮ್ಮ ಶ್ರವಣವನ್ನೂ ದೃಷ್ಟಿಯನ್ನೂ ಹೃದಯವನ್ನೂ ತನಗೆ ಮೆಚ್ಚುಗೆಯಾದುದರಲ್ಲಿ ತೊಡಗಿಸಲಿ. ನಮ್ಮ ಬಿಡುವಿನ ಕ್ಷಣಗಳನ್ನು ನಮ್ಮ ವಿರುದ್ಧವಲ್ಲ, ನಮ್ಮ ಪರವಾಗಿ ಸಾಕ್ಷಿ ನುಡಿಯುವಂತೆ ಮಾಡಲಿ. ಆಮೀನ್.